ನಾಲ್ಕನೆಯ ಗಾಜು

ಪೊಲೀಸ್ ಠಾಣೆಯ ಅಮೀನ್ ಗೌಸ್‌ಸಾಬ್ ಬೇಡಿಯನ್ನು ಮೇಜಿನ ಮೇಲಿಟ್ಟು, ಚಹದ ಬಶಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಸರದ ಮನುಷ್ಯ ಅಲ್ಲ ಅವರು. ಒಂದು ಗುಟುಕು ಕುಡಿದರು, ಮೀಸೆ ಒರೆಸಿಕೊಂಡರು, ಗೋಡೆಯ ಗಡಿಯಾರ ನೋಡಿದರು. ಮೂರು ಗಂಟೆಯಾಗಿತ್ತು.

"ಐದಕ್ಕ ದೊರೆಸಾನೇರ ಮೋಟಾರ್ ಸಿಂಧನೂರಿಗೆ ಹೊಂಡತೈತಿ," ಎಂದರು. "ಅಷ್ಟರಾಗ ಗಾಜು ಸಿಕ್ಕರ ಸಿಕ್ತು ಅಂಬಪ್ಪ. ಸಿಗಲಿಲ್ಲಂದ್ರ ಈ ಬೇಡಿ ನಿನ್ನ ಕೈಗೆ. ಠಾಣೆಗೆ ನಡಕೊಂತನ ಹೋಗಬೇಕು."

ಠಾಣೆ ದೂರವೇನಲ್ಲ, ಮುನ್ನೂರು ಹೆಜ್ಜೆ. ಆದರೆ ಅಂದು ಲಿಂಗಸುಗೂರಿನ ಸಂತೆ. ಅವರು ಕೂತಿದ್ದ ಮುಸಾಫಿರ ಬಂಗಲೆಯಿಂದ ಠಾಣೆಗೆ ಹೋಗುವವನು ಮೆಣಸಿನಕಾಯಿ ರಾಶಿ, ಬಳೆಗಾರರ ಸಾಲು, ಎಮ್ಮೆ ಕಟ್ಟುವ ಬಯಲು ಎಲ್ಲ ದಾಟಿಯೇ ಹೋಗಬೇಕು. ಅಂಬಪ್ಪನ ಕೇರಿಯಿಂದ ಆ ಸಂತೆಯಲ್ಲಿ ಬೂಟು ಹಾಕಿಕೊಂಡು ನಡೆಯುವವನು ಅವನೊಬ್ಬನೇ. ಕಾಲಿಗೆ ಬೂಟು, ಕೈಗೆ ಬೇಡಿ ಎರಡೂ ಹಾಕಿಕೊಂಡು ನಡೆದರೆ ನೋಡುವ ಕೆಲವರ ಕಣ್ಣಿಗೆ ಎಷ್ಟು ತಂಪಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಭಯವನ್ನು ಮುಖಕ್ಕೆ ಬರಗೊಡಲಿಲ್ಲ.

ಅಂಬಪ್ಪ ಗೈಡು. ಹಟ್ಟಿಯ ಚಿನ್ನದ ಗಣಿಯಲ್ಲಿ ಕೂಲಿಗಳಿಗೆ ದೀಪ ಹಚ್ಚಿ ಕೊಡುತ್ತ, ಸಾಹೇಬರ ಬಾಯಿಂದ ಇಂಗ್ಲಿಷು ಹೆಕ್ಕಿಕೊಂಡವನು. ಗಣಿ ಮುಚ್ಚಿ ಹದಿನೇಳು ವರ್ಷವಾಯಿತು, ಕೂಲಿ ಹೋಯಿತು, ಇಂಗ್ಲಿಷು ಉಳಿಯಿತು. ಗುಡ್ಡ, ಕೋಟೆ, ಶಾಸನ ನೋಡಲು ಬರುವ ಪರದೇಶದವರನ್ನು ಸುತ್ತಾಡಿಸಲು ಸರ್ಕಾರದ ಪರವಾನಿ ಈ ತಾಲ್ಲೂಕಿನಲ್ಲಿ ಇರುವುದು ಅವನೊಬ್ಬನ ಹತ್ತಿರ. ಅವನಲ್ಲಿ ದೋಷವೆಂದರೆ ಒಂದೇ, ಬಾಯಿ. ಒಂದು ಕೇಳಿದರೆ ಹತ್ತು ಹೇಳುತ್ತಾನೆ. ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಹೆಂಡತಿಯೇ ಊರೆಲ್ಲ ಸಾರಿಟ್ಟಿದ್ದಳು.

ಎದುರಿನ ಕುರ್ಚಿಯಲ್ಲಿ ದೊರೆಸಾನಿ ಕೂತಿದ್ದಳು. ಹೆಸರು ಮಾರ್ತಾ ಕೆಲ್ಲರ್, ಸ್ವಿಟ್ಜರ್ಲೆಂಡಿನವಳು, ನಲವತ್ತೈದರ ಗಟ್ಟಿ ಹೆಂಗಸು. ದೇಶ ದೇಶ ತಿರುಗಿ ಫೋಟೋ ತೆಗೆಯುವುದೇ ಅವಳ ಕಸುಬು. ಅವಳ ಕ್ಯಾಮೆರಾಕ್ಕೆ ತೇಗದ ಮೈ, ಹಿತ್ತಾಳೆಯ ಮೂಲೆಕಟ್ಟು, ಬಿಚ್ಚಿ ಹಾಕುವ ಮೂರು ಮಸೂರ. ಆ ಕ್ಯಾಮೆರಾ ಮಾರಿದರೆ ಲಿಂಗಸುಗೂರು ಪೇಟೆಯ ಒಂದು ಸಾಲೇ ಬರುತ್ತದೆಂದು ಜನ ಆಡಿಕೊಂಡಿದ್ದರು. ಹತ್ತು ದಿನದಿಂದ ಅದನ್ನು ಹೆಗಲ ಮೇಲೆ ಹೊತ್ತವನು ಅಂಬಪ್ಪ.

ಈ ಹತ್ತು ದಿನದಲ್ಲಿ ದೊರೆಸಾನಿ ಕಲಿತ ಕನ್ನಡ ಐದಾರು ಶಬ್ದ. ಹೆಚ್ಚು ಬಳಸುತ್ತಿದ್ದುದು ಒಂದನ್ನೇ. ಕರಿಬಟ್ಟೆಯೊಳಗೆ ತಲೆ ಹಾಕಿ ನೋಡುವಾಗ ಯಾರಾದರೂ ಚಿತ್ರದಲ್ಲಿ ಅಡ್ಡ ಬಂದರೆ ಒಳಗಿನಿಂದಲೇ "ಅಂಬಪ್ಪಾ, ಮನುಷ್ಯಾ" ಎನ್ನುವಳು. ಅಂಬಪ್ಪ ಓಡಿಹೋಗಿ ಆ ಮನುಷ್ಯನನ್ನು ಪಕ್ಕಕ್ಕೆ ಸರಿಸಬೇಕು. ಇವತ್ತು ಮಧ್ಯಾಹ್ನದಿಂದ ಅವಳು ಯಾವ ಶಬ್ದವನ್ನೂ ಆಡಿರಲಿಲ್ಲ. ಅಂಬಪ್ಪನಿಗೆ ಬೇಡಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಮಸ್ಕಿಗೆ ಹೋಗಿ, ಗುಡ್ಡದ ಮೇಲಿನ ಹಳೆಯ ಶಾಸನದ ಬಂಡೆಯ ಚಿತ್ರ ತೆಗೆದು, ಎರಡು ಗಂಟೆಗೆ ತಿರುಗಿ ಬಂದಾಗ ಎರಡು ಕೇಡು ಕಂಡಿದ್ದವು. ಮುಂದಿನ ಕೋಣೆಯ ಮೇಜಿನ ಮೇಲೆ ಬಿಟ್ಟುಹೋಗಿದ್ದ ಉದ್ದನೆಯ ಮಸೂರ, ದೂರದ್ದನ್ನು ಹತ್ತಿರಕ್ಕೆ ಎಳೆಯುವಂಥದ್ದು, ಗೀರುಬಿದ್ದು ಮಬ್ಬಾಗಿತ್ತು. ಹಿಂದಿನ ಕೋಣೆಯ ಕಿಟಕಿಯಲ್ಲಿ ಒಣಗಲು ನಿಲ್ಲಿಸಿದ್ದ, ಫೋಟೋ ಮೂಡಿದ ಆರು ಗಾಜುಗಳಲ್ಲಿ ನಾಲ್ಕನೆಯದು ಇರಲಿಲ್ಲ. ನಾಲ್ಕನೆಯದೆಂದರೆ ಹಟ್ಟಿಯಲ್ಲಿ ಇಳಿಜಾರಾಗಿ ನೆಲದೊಳಕ್ಕೆ ಇಳಿಯುವ, ಮುಚ್ಚಿದ ಗಣಿ ಬಾವಿಯ ಚಿತ್ರ, ಮೊನ್ನೆ ದಿಬ್ಬದ ಮೇಲಿಂದ ಅದೇ ಉದ್ದ ಮಸೂರದಲ್ಲಿ ತೆಗೆದದ್ದು.

"ಹಿಂದಿನ ಖೋಲಿಗೆ ಬೀಗ ಇತ್ತು," ಅಮೀನರು ಬೆರಳು ಮಡಿಚಿದರು. "ಬೀಗದಕೈ ನಿನ್ನ ಉಡದಾರದಾಗ. ಬೀಗ ಮುರದಿಲ್ಲ. ಎಲ್ಲಾರೂ ಮೋಟಾರ್ ಹತ್ತಿದ ಮ್ಯಾಲ ಕರೇಬಟ್ಟಿ ಮರತೀನಂತ ನೀ ಒಬ್ಬಾವನ ಒಳಗ ಹೋಗಿದ್ದಿ. ಸುಳ್ಳೇನು?"

"ಖರೇ ರೀ."

"ಮತ್ತ?"

"ಕಿಟಕಿ ತೆರದಿತ್ರಿ. ಸರಳಿನ ನಡುವ ಕೈ ಹಿಡಿತೈತಿ."

"ಯಾರ ಕೈ? ಕಂಪೌಂಡಿನ್ಯಾಗ ಇದ್ದಾವ ಅಡಿಗಿ ಅಮರಗುಂಡಪ್ಪ ಒಬ್ಬಾವ. ಕಸ ಹೊಡಿಯಾಕಿ ನಿಮ್ಮ ಅತ್ತಿಗಿ ಅಯ್ಯಮ್ಮ ನಸುಕಿನ್ಯಾಗ ಬಂದು ಹೋಗ್ಯಾಳ. ನೀವು ಹೊಂಡಾಗ ಆರೂ ಗಾಜು ಇದ್ದುವು, ನೀನ ಹೇಳಿದಿ."

ಅದೂ ನಿಜವೇ. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಆದರೆ ಹೇಳಿಬಿಟ್ಟಿದ್ದ.

"ಅಮೀನ್‌ಸಾಬ್, ಆ ಮಸೂರ ಒಮ್ಮಿ ಕೈಗೆ ಕೊಡ್ರಿ."

ಗೌಸ್‌ಸಾಬ್ ದೊರೆಸಾನಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು.

ಅಂಬಪ್ಪ ಅದನ್ನು ಬೆಳಕಿಗೆ ಹಿಡಿದ. ಗಾಜಿನ ತುಂಬ ಸುತ್ತು ಸುತ್ತಾಗಿ ಗೀರು. ಹಿತ್ತಾಳೆಯ ಬಳೆ ಗಾಜಿಗೆ ಕೂಡುವ ಸಂದಿಯಲ್ಲಿ ಬೂದುಬಣ್ಣದ ಪುಡಿ ಕೂತಿತ್ತು. ಉಗುರಿನಿಂದ ಕೆದರಿ, ಎರಡು ಬೆರಳ ನಡುವೆ ತಿಕ್ಕಿದ. ಆಮೇಲೆ ನಾಲಿಗೆಗೆ ಹಚ್ಚಿ ಹಲ್ಲಿನಲ್ಲಿ ಕಚ್ಚಿ ನೋಡಿದ.

"ಬೂದಿ ಅಲ್ರಿ ಇದು. ಹಟ್ಟಿ ಗಿರಣಿ ಉಸುಕು. ಚಿನ್ನದ ಕಲ್ಲು ಹಿಟ್ಟು ಮಾಡಿ, ಚಿನ್ನ ತಕ್ಕೊಂಡು ಚೆಲ್ಲಿದ ದಿಬ್ಬ ಇನ್ನೂ ಐತಲ್ರಿ, ಅದು. ಹತ್ತು ವರ್ಷ ತಿಂದೀನಿ, ನನಗ ಗೊತ್ತಾಗಂಗಿಲ್ಲೇನು?"

"ಹಟ್ಟಿದು ಅಂತ ನೀನ ಹೇಳಾಕತ್ತಿ," ಗೌಸ್‌ಸಾಬ್ ಮೆಲ್ಲಗೆ ನಕ್ಕರು. "ಹಟ್ಟಿಯಾವನೂ ನೀನ. ಬೇಡಿ ನಾ ತಂದೆ, ಹಗ್ಗ ನೀನ ತರಾಕತ್ತೀಯಲ್ಲೋ."

"ಇನ್ನೊಂದೈತ್ರಿ." ಅಂಬಪ್ಪ ಸಂದಿಯಿಂದ ಕಂದು ಎಳೆಯೊಂದನ್ನು ಉಗುರಲ್ಲಿ ಎಳೆದು ಅಂಗೈಮೇಲಿಟ್ಟ. "ಹುಣಸಿ ನಾರು. ಉಸುಕು, ಹುಣಸಿಹಣ್ಣು, ಎರಡೂ ಕೂಡಿಸಿ ಏನು ತಿಕ್ಕತಾರ್ರಿ?"

ಅಮೀನರ ಮನೆಯಲ್ಲೂ ಹಿತ್ತಾಳೆಯ ಪಾತ್ರೆಗಳಿದ್ದವು. ಬಶಿ ಕೆಳಗಿಟ್ಟು ಎದ್ದರು.

ಬಂಗಲೆಯ ಅಡಿಗೆಮನೆ ಹಿಂದೆ ಬೇರೆಯಾಗಿತ್ತು, ಮೂರು ಮೆಟ್ಟಿಲು ಹತ್ತಬೇಕು. ಅಮರಗುಂಡಪ್ಪ ಬಾಗಿಲಲ್ಲೇ ಕೂತು, ತೆಂಗಿನ ಪರಟೆಯೊಂದನ್ನು ಮುಂದಿಟ್ಟುಕೊಂಡು, ಸೊಪ್ಪು ಬಿಡಿಸುತ್ತಿದ್ದ. ಐವತ್ತರ ಸ್ಥೂಲ ಮನುಷ್ಯ, ಹಣೆತುಂಬ ವಿಭೂತಿ, ಮಾಂಸ ಮುಟ್ಟದವನು. ದೊರೆಸಾನಿ ಹತ್ತು ದಿನದಿಂದ ಅವನ ಕೈಯ ರೊಟ್ಟಿ ಬದನೆಕಾಯಿಯ ಮೇಲೆಯೇ ಇದ್ದಳು. ಅವನ ಹಿಂದೆ ಗೋಡೆಗೆ ಸಾಲಾಗಿ ಜೋಡಿಸಿದ ತಂಬಿಗೆ, ಕೊಡ, ಪರಾತಗಳು ಮುಖ ಕಾಣುವಷ್ಟು ಹೊಳೆಯುತ್ತಿದ್ದವು.

ಅಂಬಪ್ಪ ಮೆಟ್ಟಿಲಿಗಿಂತ ನಾಲ್ಕು ಮೊಳ ಹಿಂದೆಯೇ ನಿಂತ. ಅಮೀನರೂ ದೊರೆಸಾನಿಯೂ ಮುಂದೆ ಹೋದರು.

"ಅಮರಗುಂಡಪ್ಪಣ್ಣ, ಆ ಪರಟಿಯಾಗ ಏನೈತಿ?" ಅಲ್ಲಿಂದಲೇ ಕೇಳಿದ.

"ಉಸುಕು. ಭಾಂಡಿ ತಿಕ್ಕಾದು."

"ಹಟ್ಟಿದಾ?"

"ಹೂಂ. ನಿಮ್ಮ ಅಯ್ಯಮ್ಮನ ಅಮಾಸಿಗೊಮ್ಮೆ ತಂದು ಮೆಟ್ಟಲ ಕೆಳಗ ಇಟ್ಟು ಹೋಗತಾಳ. ಇದರಂಗ ಹಿತ್ತಾಳಿ ಬೆಳಗಾದು ಯಾವುದೂ ಇಲ್ಲ. ಯಾಕ?"

"ಊರಾಗ ಮತ್ತ ಯಾರ ಕಡೆ ಐತಿ ಇದು?"

"ಯಾರ ಕಡೆ ಇರತೈತಿ? ನಿಮ್ಮ ಮನ್ಯಾಗ ಇರಬಹುದು."

"ನಮ್ಮ ಮನ್ಯಾಗ ಹಿತ್ತಾಳಿ ಎಲ್ಲೈತಣ್ಣ? ಎಲ್ಲಾ ಮಣ್ಣಿನ ಗಡಿಗಿ." ಅಂಬಪ್ಪ ಅಮೀನರ ಕಡೆ ತಿರುಗಿದ. "ನಾ ಈ ಅಡಿಗಿಮನಿ ಒಳಗ ಕಾಲಿಟ್ಟೀನೇನು, ಅವನ್ನ ಕೇಳ್ರಿ."

ಅಮರಗುಂಡಪ್ಪನ ಕೈಯಿಂದ ಸೊಪ್ಪು ಜಾರಿತು. "ಇಂವ? ಒಳಗ? ಇಂವ ಹೊಸ್ತಿಲಾ ದಾಟಿದ್ರ ನಾ ಇಲ್ಲಿ ನೀರು ಕುಡೀತಿದ್ನೇನ್ರಿ? ಏಳು ವರ್ಷದಾಗ ಒಮ್ಮಿನೂ ಮೆಟ್ಟಲ ಮುಟ್ಟಿಲ್ಲ. ಶಿವನಾಣಿ."

"ಇವತ್ತ?" ಅಮೀನರು ಕೇಳಿದರು.

"ಇವತ್ತ ಹೆಂಗ ಮುಟ್ಟತಾನ್ರಿ? ಬೆಳಿಗ್ಗಿಂದ ಪರಟಿ ನನ್ನ ಮುಂದನ ಐತಿ. ಯಾರ್ನೂ ಹತ್ರ ಬಿಟ್ಟಿಲ್ಲ ನಾ."

ಗೌಸ್‌ಸಾಬ್ ಸ್ವಲ್ಪ ಹೊತ್ತು ಅವನ ಹಣೆಯ ವಿಭೂತಿಯನ್ನೇ ನೋಡಿದರು. "ಅಂಬಪ್ಪ ಮುಟ್ಟಿಲ್ಲ. ಮತ್ತೊಬ್ಬಾವನೂ ಮುಟ್ಟಿಲ್ಲ. ಪರಟಿ ನಿನ್ನ ಮುಂದ. ಹಂಗಾರ ಉಸುಕು ತಾನ ಎದ್ದು ನಡಕೊಂತ ಹೋತೇನು ಮೇಜಿನ ಮ್ಯಾಲ?"

ಅಂಬಪ್ಪ ಅಲ್ಲೇ ನಿಂತಿದ್ದ. ಏಳು ವರ್ಷ ಈ ಮೆಟ್ಟಿಲ ಕೆಳಗೆ ನಿಂತು ಬೊಗಸೆಯೊಡ್ಡಿ ನೀರು ಕುಡಿದಿದ್ದಾನೆ. ಪೇಟೆಯ ಬೆಲೆ ಬಾಳುವ ಕ್ಯಾಮೆರಾ ಅವನ ಹೆಗಲ ಮೇಲಿರಬಹುದು, ಒಳಗಿನ ನೀರಿನ ಕೊಡ ಮಾತ್ರ ಮುಟ್ಟುವಂತಿಲ್ಲ. ಎಷ್ಟೋ ಸಲ ಹೊಟ್ಟೆ ಉರಿದಿತ್ತು. ಇವತ್ತು ಅದೇ ಹೊಸ್ತಿಲು ಅವನ ಪರವಾಗಿ ಸಾಕ್ಷಿ ಹೇಳಿತ್ತು, ಹೇಳಿದವನ ಬಾಯಿಂದಲೇ. ಆದರೂ ಅವನಿಗೆ ಖುಷಿಯೇನೂ ಆಗಲಿಲ್ಲ.

ಅಮರಗುಂಡಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

"ಕದಿಯಾಕ ಹೋಗಿಲ್ರಿ," ಎಂದ. "ಮೇಜು ಒರಸಾಕ ಹೋಗಿದ್ದೆ. ಇವತ್ತ ಹೊಂಡತಾರ, ಹತ್ತು ದಿನ ನನ್ನ ರೊಟ್ಟಿ ತಿಂದಾರ, ಏನರ ಒಂದು ಸೇವಾ ಮಾಡೋಣ ಅನಸ್ತು. ಆ ಹಿತ್ತಾಳಿ ಬಳಿ ಕಪ್ಪಾಗಿತ್ತು. ತಂದು ತಿಕ್ಕಿದೆ. ಝಗಝಗ ಅಂತು. ಬಳಿ ಹೊಳೀತು, ಗಾಜು ಯಾಕ ಬಿಡಬೇಕು ಅಂತ ಅದನ್ನೂ ತಿಕ್ಕಿದೆ. ತಿಕ್ಕಿದಷ್ಟೂ ಮಬ್ಬಾತು. ಮಬ್ಬಾತಂತ ಮತ್ತ ತಿಕ್ಕಿದೆ."

ಅಂಬಪ್ಪ ಅದನ್ನೆಲ್ಲ ಇಂಗ್ಲಿಷಿಗೆ ತಂದು ಹೇಳಿದ. ದೊರೆಸಾನಿ ಮಸೂರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಗಾಜು ಸತ್ತುಹೋಗಿತ್ತು. ಹಿತ್ತಾಳೆಯ ಬಳೆ ಮಾತ್ರ ಮದುವೆ ಮನೆಯ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಇಪ್ಪತ್ತು ವರ್ಷದಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ಬೆಳಗಿರಲಿಲ್ಲ ಎಂದು ಅವನಿಗೆ ಹೇಳು," ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ಅಂಬಪ್ಪನ ಕಡೆ ನೋಡಿ, "ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯಿತು," ಎಂದಳು.

ಅಂಬಪ್ಪ ಅವಳ ಮೊದಲ ಮಾತನ್ನು ಅಮರಗುಂಡಪ್ಪನಿಗೆ ಮುಟ್ಟಿಸಿದ.

"ಅರ್ಧ ಆತು," ಗೌಸ್‌ಸಾಬ್ ಗಂಭೀರವಾಗಿ ಹೇಳಿದರು. "ಮಸೂರದ ಗುನ್ಹೆ ಬ್ಯಾರೆ, ಗಾಜಿನ ಗುನ್ಹೆ ಬ್ಯಾರೆ. ಅಮರಗುಂಡಪ್ಪ, ಗಾಜು?"

"ಹಿಂದಿನ ಖೋಲಿ ಕಡೆ ನಾ ಹೋಗಿಲ್ರಿ. ಹಿಂದಿನ ಅಂಗಳಾನೂ ತುಳದಿಲ್ಲ."

"ಆರರಾಗ ಐದು ಬಿಟ್ಟು ಒಂದ ತಕ್ಕೊಂಡಾರ. ಅಂದ್ರ ಅದು ಯಾವ ಗಾಜು ಅಂತ ತಕ್ಕೊಂಡಾವಗ ಗೊತ್ತಿತ್ತು. ನನಗ ಕೊಟ್ಟರ ಆರೂ ಒಂದ, ಮಸಿ ಬಳದಂಗ ಕಾಣ್ತಾವ. ನಾಲ್ಕನೇದು ಹಟ್ಟಿದಂತ ಗೊತ್ತಿದ್ದದ್ದು ದೊರೆಸಾನೇರಿಗೆ. ಮತ್ತ ನಿನಗ." ಅಮೀನರು ಗಡಿಯಾರ ತೆಗೆದು ನೋಡಿದರು. "ನಾಲ್ಕಾತು. ಇವನ ಜಬಾನಿ ಬರಕೋತೀನಿ. ಅಲ್ಲೀತನ ನೀ ಹುಡುಕು. ಓಡಿ ಹೋಗಬ್ಯಾಡ."

ಓಡಿ ಹೋಗುವುದೆಲ್ಲಿಗೆ? ಹೋದರೂ ಸಂತೆಯೊಳಗಿಂದಲೇ ಹೋಗಬೇಕು.

ಅಂಬಪ್ಪ ಹಿಂದಿನ ಅಂಗಳಕ್ಕೆ ಬಂದ. ಪೊಲೀಸಿನವರು ಇಬ್ಬರು ಆಗಲೇ ಎಲ್ಲ ಜಾಲಾಡಿಸಿ ಹೋಗಿದ್ದರು. ಅವನ ಚೀಲ, ಅಡಿಗೆಯವನ ಪೆಟ್ಟಿಗೆ, ಬಾವಿಯ ಕಟ್ಟೆ, ಹೆಂಚಿನ ಸಂದಿ, ಒಂದನ್ನೂ ಬಿಟ್ಟಿರಲಿಲ್ಲ. ಬೇವಿನ ಗಿಡದ ಕೆಳಗೆ ನೆಲ ತಣ್ಣಗಿತ್ತು. ಬೆಳಿಗ್ಗೆ ಮೋಟಾರು ನಿಂತದ್ದು ಅಲ್ಲೇ. ಡ್ರೈವರ್ ರಹಮಾನಸಾಬ ಅದನ್ನು ಹಿಂದಕ್ಕೆ ತಿರುಗಿಸಿ, ಕಿಟಕಿಯ ಮಗ್ಗುಲಿನಿಂದಲೇ ಹೊರಗೆ ತಂದಿದ್ದ. ಗಾಲಿಯ ಗುರುತು ಮಣ್ಣಿನಲ್ಲಿ ಗೇಟಿನ ತನಕ ಎದ್ದು ಕಾಣುತ್ತಿತ್ತು.

ಕಿಟಕಿಯ ಕೆಳಗೆ ಮಾತ್ರ ಇರಲಿಲ್ಲ.

ಅಂಬಪ್ಪ ಕುಕ್ಕರಗಾಲಲ್ಲಿ ಕೂತ. ಕಿಟಕಿಯ ಕೆಳಗೆ ಎರಡು ಮಾರಿನಷ್ಟು ಜಾಗದಲ್ಲಿ ಗಾಲಿಯ ಗುರುತು ಅಳಿಸಿಹೋಗಿ, ಅದರ ಮೇಲೆ ಕಸಬರಿಗೆಯ ಗೆರೆಗಳು ಸಾಲಾಗಿ ಬಿದ್ದಿದ್ದವು. ಮೋಟಾರು ಹೋದ ಮೇಲೆ ಯಾರೋ ಕಸ ಹೊಡೆದಿದ್ದಾರೆ. ಹೆಜ್ಜೆ ಅಳಿಸಿದ್ದಾರೆ.

ಊರಿಗೆ ಹೊರಟವರ ಬೆನ್ನ ಹಿಂದೆ ಯಾರೂ ಕಸ ಹೊಡೆಯುವುದಿಲ್ಲ. ಮನೆಯಿಂದ ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಹೊಡೆಯುವುದು. ಈ ಬಂಗಲೆಯಲ್ಲಿ ಆ ಕಟ್ಟಳೆ ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವಳು ಅವನ ಅತ್ತಿಗೆ ಅಯ್ಯಮ್ಮ. ಅವನ ಹೆಂಡತಿ ಒಮ್ಮೆ ಮರೆತು ಕಸಬರಿಗೆ ಹಿಡಿದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದಳು. ಅಂಥವಳು ಇವತ್ತು ಹೊಡೆದಿದ್ದಾಳೆ. ಬೇರೆ ಯಾರೂ ಆ ಕಸಬರಿಗೆ ಮುಟ್ಟುವುದಿಲ್ಲ.

ಆಮೇಲೆ ಅವನಿಗೆ ಬೆಳಗಿನದು ನೆನಪಾಯಿತು. ನಸುಕಿನಲ್ಲಿ ಗಾಜುಗಳನ್ನು ಕಿಟಕಿಗೆ ಜೋಡಿಸುವಾಗ ಅಯ್ಯಮ್ಮ ಹೊರಗೆ ಕಸ ಹೊಡೆಯುತ್ತಿದ್ದಳು. "ಹಟ್ಟಿದು ಯಾವುದು ಇದರಾಗ?" ಎಂದು ಸುಮ್ಮನೆ ಕೇಳಿದ್ದಳು. ಗೈಡ್ ಅಂಬಪ್ಪ ಸುಮ್ಮನಿರುತ್ತಾನೆಯೇ? ಸರಳಿನ ಒಳಗಿನಿಂದ ಬೆರಳು ಮಾಡಿ, "ನಾಲ್ಕನೇದು. ಬಾವಿ ಬಾಯಾಗ ಇರುವಿ ಹರದಾಡಿದ್ರೂ ಕಾಣತೈತಿ ಅತ್ತಿಗಿ, ಅಂಥಾ ಮಸೂರ ಅದು," ಎಂದು ಬಡಾಯಿ ಕೊಚ್ಚಿದ್ದ.

ಬೇವಿನ ಗಿಡದ ಆಚೆ ತಡಿಕೆಯ ಮರೆಯಲ್ಲಿ ಕಸದ ಬುಟ್ಟಿ, ಕಸಬರಿಗೆ ಇಡುವ ಜಾಗ. ಪೊಲೀಸಿನವರು ಹೆಂಚಿನ ಸಂದಿ ನೋಡಿದ್ದರು, ಆ ಬುಟ್ಟಿಗೆ ಕೈ ಹಾಕಿರಲಿಲ್ಲ. ಹಾಕುವುದೂ ಇಲ್ಲ. ಅಂಬಪ್ಪ ಹಾಕಿದ. ಒಣ ಎಲೆಯ ಕೆಳಗೆ ಹಳೆಯ ಸೀರೆಯ ತುಂಡು, ಅದರೊಳಗೆ ಗಾಜು ಇಡಿಯಾಗಿ ಸಿಕ್ಕಿತು.

ಬೇಡಿ ತಪ್ಪಿತು. ಮೊದಲು ಬಂದದ್ದು ಆ ವಿಚಾರವೇ. ಎರಡನೆಯದು, ಬೇಡಿ ಅತ್ತಿಗೆಗೆ ಬೀಳುತ್ತದೆ. ಮೂರನೆಯದು, ಒಂದು ಬಾವಿಯ ಚಿತ್ರದಿಂದ ಅವಳಿಗೇನು ಆಗಬೇಕಾಗಿದೆ?

ಅವನ ಕೋಟಿನ ಜೇಬಿನಲ್ಲಿ ದೊರೆಸಾನಿಯ ಭೂತಗನ್ನಡಿ ಇತ್ತು, ಅದನ್ನು ಇಟ್ಟುಕೊಳ್ಳುವುದೂ ಅವನ ಕೆಲಸ. ಅವಳು ಕಲಿಸಿದ ಹಾಗೆ ನುಣ್ಣನೆಯ ಬದಿ ತನ್ನ ಕಡೆ ಮಾಡಿ, ಗಾಜನ್ನು ಆಕಾಶಕ್ಕೆ ಹಿಡಿದ. ಗಾಜಿನಲ್ಲಿ ಎಲ್ಲ ತಿರುವುಮುರುವು. ಕತ್ತಲೆಯ ಬಾವಿಬಾಯಿ ಬೆಳ್ಳಗೆ, ಬೆಳ್ಳನೆಯದು ಕರ್ರಗೆ. ಬೆಳ್ಳನೆಯ ಬಾಯಿಯ ನಡುವೆ, ಹೆಸರುಕಾಳಿಗಿಂತ ಸಣ್ಣದಾಗಿ, ಒಂದು ಕರಿಯ ಆಕೃತಿ ನಿಂತಿತ್ತು. ಭೂತಗನ್ನಡಿಯನ್ನು ಅದರ ಮೇಲೆ ತಂದ.

ಎಡಗೈಯಲ್ಲಿ ದೀಪ. ಬಲಗೈ ತಲೆಯ ರುಮಾಲಿನ ಮೇಲೆ, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ.

ಗಣಿಗೆ ಇಳಿಯುವ ಇನ್ನೂರು ಜನರಲ್ಲಿ ಹಾಗೆ ನಿಲ್ಲುವವನು ಒಬ್ಬನೇ ಇದ್ದ. ಪ್ರತಿದಿನ ದೀಪ ಹಚ್ಚಿ ಆ ಎಡಗೈಗೆ ಕೊಟ್ಟವನು ಅಂಬಪ್ಪ. "ನಿನ್ನ ರುಮಾಲ ಯಾರ ಒಯ್ತಾರೋ ಅಣ್ಣಾ" ಎಂದು ಪ್ರತಿದಿನ ಕಾಡಿದವನೂ ಅವನೇ. ಅವನ ಅಣ್ಣ, ಅಯ್ಯಮ್ಮನ ಗಂಡ, ಆದೆಪ್ಪ. ಗಣಿ ಮುಚ್ಚುವ ಕೊನೆಯ ವಾರ ಪಂಪು ಬಿಚ್ಚಲು ಇಳಿದವನು ಮೇಲೆ ಬಂದಿರಲಿಲ್ಲ. ಬಾವಿಯ ತಳದ ಸುರಂಗಗಳಲ್ಲಿ ನೀರು ತುಂಬಿತ್ತು, ಹೆಣ ಸಿಗಲಿಲ್ಲ. ಅಯ್ಯಮ್ಮನ ಬಳೆ ಒಡೆದು ಹದಿನೇಳು ವರ್ಷ.

ಅಂಬಪ್ಪ ಭೂತಗನ್ನಡಿಯನ್ನು ತುಸು ಕೆಳಗೆ ಸರಿಸಿ ಮತ್ತೆ ನೋಡಿದ. ಆಕೃತಿಯ ಕಾಲ ಬಳಿ ಒಂದು ಗಂಟಿತ್ತು, ರೊಟ್ಟಿಯ ಬುತ್ತಿ. ಅಯ್ಯಮ್ಮ ಪ್ರತಿ ಅಮಾವಾಸ್ಯೆ ನಾಲ್ಕು ಹರದಾರಿ ನಡೆದು ಹೋಗಿ ಸತ್ತ ಗಂಡನ ಹೆಸರಿನಲ್ಲಿ ಬಾವಿಯ ಬಾಯಿಗೆ ಎಡೆ ಇಟ್ಟು ಬರುತ್ತಿದ್ದಳು. ಮುಂದಿನ ಸಲ ಹೋದಾಗ ಬರೀ ಬಟ್ಟೆ ಬಿದ್ದಿರುತ್ತಿತ್ತು. ಕಾಗೆ ತಿಂತಾವ ಎನ್ನುತ್ತಿದ್ದಳು. ಮೊನ್ನೆಯೂ ಅಮಾವಾಸ್ಯೆಯೇ. ಅವಳು ಎಡೆ ಇಟ್ಟು ಬಾವಿಯಿಂದ ದೂರ ಬಂದ ಮೇಲೆ ಅವನೂ ದೊರೆಸಾನಿಯೂ ಚಿತ್ರ ತೆಗೆದದ್ದು, ಅವಳನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ಬಂದದ್ದು. ಅಷ್ಟು ದೂರದ್ದು ಬರಿಗಣ್ಣಿಗೆ ಕಾಣದು, ಗಾಜು ಸೇರಿಸಿದ ಮೇಲೆ ಕ್ಯಾಮೆರಾದೊಳಗಿಂದ ದೊರೆಸಾನಿಗೂ ಕಾಣುವುದಿಲ್ಲ. ಆ ಒಂದು ಗಳಿಗೆಯಲ್ಲಿ ಅಣ್ಣ ಹೊರಗೆ ಬಂದಿದ್ದ.

ಸರ್ಕಾರ ಮೊಹರು ಹಾಕಿದ ಚಿನ್ನದ ಬಾವಿ ಅದು. ಅದರೊಳಗೆ ಹದಿನೇಳು ವರ್ಷ ಮನುಷ್ಯನೊಬ್ಬ ಇದ್ದಾನೆಂದರೆ ಗೌಸ್‌ಸಾಬರು ಮೊದಲು ಕೇಳುವುದು ಏನು ತಿಂದ ಎಂದಲ್ಲ, ಏನು ತೆಗೆದ ಎಂದು. ತನ್ನ ಕೈಗೆ ಬರುವ ಬೇಡಿ ಅಣ್ಣನ ಕೈಗೆ ಹೋಗುತ್ತದೆ.

ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅಂಬಪ್ಪ ಗಾಜನ್ನು ಎತ್ತಿದ. ಸಂತೆಯಲ್ಲಿ ನಡೆದರಾಯಿತು. ಎಲ್ಲರೂ ನೋಡಲಿ.

"ಒಡೀಬ್ಯಾಡ ತಮ್ಮ."

ತಡಿಕೆಯ ಆಚೆ ಅಯ್ಯಮ್ಮ ಕೂತಿದ್ದಳು. ಮಧ್ಯಾಹ್ನದಿಂದ ಅಲ್ಲೇ ಇದ್ದಳೋ ಏನೋ. ಎದ್ದು ಬಂದಳು.

"ಕದ್ದಿಲ್ಲ," ಎಂದಳು. "ನೋಡಾಕ ಒಯ್ದೆ. ಗೋಡಿ ಮರಿಗೆ ನಿಂತು ಬಾಳೊತ್ತು ನೋಡಿದೆ. ಬರೇ ಮಸಿ ಕಂಡ್ತು."

"ಏನು ನೋಡಬೇಕಾಗಿತ್ತು ಅತ್ತಿಗಿ?"

"ಹದಿನೇಳು ವರ್ಷ ಬುತ್ತಿ ಇಟ್ಟೀನಿ. ಕಾಗಿ ತಿಂದ್ರ ಬಟ್ಟಿ ಹರೀತೈತಿ. ಇದು ಹರಿಯಂಗಿಲ್ಲ, ಮಡಚಿ ಇಟ್ಟಿರತೈತಿ. ಎಷ್ಟೋ ಸಲ ಕೂತು ಕಾದೀನಿ. ಕಾದ ದಿನ ಯಾರೂ ಬರಂಗಿಲ್ಲ. ಯಾರಿಗೆ ಹೇಳಲಿ? ಹುಚ್ಚಿ ಅಂತಾರ." ಅವಳ ದನಿ ಏರಲಿಲ್ಲ. "ನಿನಗ ಇದನ್ನ ನೋಡಾಕ ಬರತೈತಿ. ಹೇಳು. ಕಾಗಿನೋ, ಅವರೋ?"

ಹಿಂದೆ ಬೂಟಿನ ಸಪ್ಪಳವಾಯಿತು. ಗೌಸ್‌ಸಾಬ್ ಬೇವಿನ ಗಿಡದ ಬಳಿ ನಿಂತಿದ್ದರು, ಕೈಯಲ್ಲಿ ಬೇಡಿ. ಪಕ್ಕದಲ್ಲಿ ದೊರೆಸಾನಿ. ಎಷ್ಟು ಕೇಳಿಸಿಕೊಂಡಿದ್ದರೋ ತಿಳಿಯದು.

"ಹೇಳು ಅಂಬಪ್ಪ," ಎಂದರು ಅಮೀನರು. "ನಾನೂ ಕೇಳತೀನಿ."

ಅಂಬಪ್ಪ ಅತ್ತಿಗೆಯ ಬಳೆಯಿಲ್ಲದ ಕೈ ನೋಡಿದ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಜೀವಮಾನವೆಲ್ಲ ಬೇಡದ ಕಡೆ ಬಾಯಿ ಬಿಟ್ಟವನು, ಬಿಡಬೇಕಾದ ಕಡೆ ಮೊದಲ ಸಲ ಬಿಗಿಹಿಡಿದ.

"ಕಾಗಿ, ಅತ್ತಿಗಿ," ಎಂದ. "ಬರೇ ಕಾಗಿ."

ಅಯ್ಯಮ್ಮ ಸೆರಗನ್ನು ಹೊದ್ದುಕೊಂಡು ನೆಲ ನೋಡಿದಳು.

ದೊರೆಸಾನಿ ಮುಂದೆ ಬಂದು ಅವನ ಕೈಯಿಂದ ಗಾಜನ್ನೂ ಭೂತಗನ್ನಡಿಯನ್ನೂ ತೆಗೆದುಕೊಂಡಳು. ತನ್ನ ಚಿತ್ರ ಇಡಿಯಾಗಿ ಸಿಕ್ಕಿದ್ದಕ್ಕೆ ಅವಳ ಮುಖ ಅರಳಿತ್ತು. ಆಕಾಶಕ್ಕೆ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ನೋಡುತ್ತ ಬಂದಳು. ನಡುವೆ ಬಂದು ಭೂತಗನ್ನಡಿ ನಿಂತಿತು. ಹುಬ್ಬು ಗಂಟಿಕ್ಕಿತು. ಹತ್ತು ದಿನದ ರೂಢಿಯಂತೆ, ಅವನೇ ಕಲಿಸಿದ ಶಬ್ದ ಅವಳ ಬಾಯಿಂದ ಬಂತು.

"ಅಂಬಪ್ಪಾ," ಎಂದಳು. "ಮನುಷ್ಯಾ."

ಸಂತೆಯ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಗೌಸ್‌ಸಾಬ್ ಬೇಡಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಮುಂದಿನ ಅಂಗಳದ ಕಡೆ ತಿರುಗಿ ಡ್ರೈವರನನ್ನು ಕರೆದರು.

"ರಹಮಾನಸಾಬ, ಸಿಂಧನೂರು ಆಮ್ಯಾಲ. ಗಾಡಿ ಹಟ್ಟಿಗೆ ತಿರುವು."

ಅಂಬಪ್ಪ ಅತ್ತಿಗೆ ಇದ್ದ ಕಡೆ ನೋಡಿದ. ಅವಳು ಅಲ್ಲಿರಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಮೋಟಾರಿನ ಬಾಗಿಲು ಹಿಡಿದು ನಿಂತಿದ್ದಳು.